ಭಂಗಾರದೊಳಗಿನ ಬಂಗಾರ

ಮುಂಬಯಿಗೆ ಹೊಸದಾಗಿ ಬಂದಿಳಿದ ನಮ್ಮ ಕಡೆಯವರ ಕಿವಿ ‘ಭಂಗಾರ್‌ವಾಲಾ’ ಎಂಬ ಕೂಗಿಗೆ ಒಂದು ಸಲವಾದರೂ ನಿಮಿರದೆ ಇರುವುದಿಲ್ಲ. ಈ ಊರಿನಲ್ಲಿ ಬಂಗಾರವನ್ನೂ ಕೈಗಾಡಿಯ ಮೇಲೆ ಮಾರುತ್ತಾರೆಯೇ ಎಂದು ಕಿಟಕಿಯಿಂದ ಇಣುಕಿದರೆ ಕಾಣುವುದೇನು? ತುಕ್ಕು ಹಿಡಿದ ಫ್ಯಾನು, ಮುರಿದ ಮಿಕ್ಸರು, ಬಾಯಿ ತೆರೆದು ಬಿದ್ದ ಸಿಡಿ ಪ್ಲೇಯರು! ಒಂದು ಮಹಾಪ್ರಾಣ ಎಷ್ಟು ಅನರ್ಥ ಮಾಡಬಲ್ಲದು ನೋಡಿ. ಆದರೆ ಏಳನೆಯ ಇಯತ್ತೆಯಲ್ಲಿ ಓದುವ ನಮ್ಮ ಚಿರಂಜೀವಿಯ ಅಭಿಪ್ರಾಯದಲ್ಲಿ ಆ ಎರಡು ಶಬ್ದಗಳಿಗೂ ಅರ್ಥ ಒಂದೇ. ಅವನಿಗೆ ರೋಬೋಟು ಮಾಡುವ ಹುಚ್ಚು.

ಈ ಹುಚ್ಚಿಗೆ ಬೇಕಾದ ಸಾಮಾನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಸಿದ್ಧವಾಗಿ ಸಿಗುತ್ತದೆ. ಬೆಲೆ ಮಾತ್ರ ಸಾವಿರಗಳಲ್ಲಿ. ಮನೆಬಾಡಿಗೆ, ಶಾಲೆಯ ಫೀ, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಖರ್ಚು, ಇವೆಲ್ಲ ಕಳೆದು ಗುಮಾಸ್ತನ ಸಂಬಳದಲ್ಲಿ ಉಳಿಯುವುದರಿಂದ ಅಂಥ ಪೆಟ್ಟಿಗೆ ಬರಲಾರದು. ಹಾಗೆಂದು ಹುಡುಗನ ಕೈಗೆ ಮೊಬೈಲು ಕೊಟ್ಟು ಕೂರಿಸುವುದೂ ಸರಿಯಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ಹಳೆಯ ಯಂತ್ರಗಳನ್ನು ಬಿಚ್ಚುವ ಉದ್ಯೋಗ ಆರಂಭವಾಯಿತು.

ಇದೇನೂ ಹೊಸ ಪದ್ಧತಿಯಲ್ಲ. ‘ರೋಬೋಟ್’ ಎಂಬ ಹೆಸರು ಬಂದದ್ದು ಚೆಕ್ ಲೇಖಕ ಕಾರೆಲ್ ಚಾಪೆಕ್ ೧೯೨೦ರಲ್ಲಿ ಬರೆದ ನಾಟಕದಿಂದ. ಅದರ ಮೂಲಶಬ್ದಕ್ಕೆ ನಮ್ಮಲ್ಲಿ ‘ಬಿಟ್ಟಿ ಚಾಕರಿ’ ಎಂದರೆ ಸಮೀಪದ ಅರ್ಥ ಬಂದೀತು. ೧೯೪೮-೪೯ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಗ್ರೇ ವಾಲ್ಟರ್ ಎಂಬ ಮೆದುಳಿನ ವಿಜ್ಞಾನಿ ಎರಡು ಯಂತ್ರದ ಆಮೆಗಳನ್ನು ಮಾಡಿದ. ಎಲ್ಮರ್, ಎಲ್ಸಿ ಎಂದು ಅವುಗಳ ಹೆಸರು. ಬೆಳಕನ್ನು ಹುಡುಕಿಕೊಂಡು ಹೋಗುವವು, ಎದುರಿಗೆ ಏನಾದರೂ ತಾಗಿದರೆ ಬಳಸಿಕೊಂಡು ಮುಂದೆ ಸಾಗುವವು. ಅವುಗಳ ಹೊಟ್ಟೆಯಲ್ಲಿದ್ದುದು ಎರಡು ನಿರ್ವಾತ ಕವಾಟಗಳು, ಎರಡು ಮೋಟಾರುಗಳು ಮತ್ತು ಹಳೆಯ ಗಡಿಯಾರಗಳಿಂದ ಕಿತ್ತ ಹಲ್ಲುಚಕ್ರಗಳು. ಅಷ್ಟು ದೊಡ್ಡ ವಿಜ್ಞಾನಿಯೇ ಗಡಿಯಾರ ಬಿಚ್ಚಿದ ಮೇಲೆ ನಮ್ಮ ಹುಡುಗರನ್ನು ಗದರಿಸಲು ನಮಗೆ ಬಾಯಿಯೆಲ್ಲಿ?

ಇನ್ನು ಯಾವುದರಲ್ಲಿ ಏನು ಸಿಗುತ್ತದೆಂಬ ಸಂಗತಿ. ಕಂಪ್ಯೂಟರಿನ ಹಳೆಯ ಡಿವಿಡಿ ಡ್ರೈವು ಎಲ್ಲಕ್ಕಿಂತ ಲಾಭದ್ದು. ಅದರಲ್ಲಿ ಮೂರು ಮೋಟಾರುಗಳಿರುತ್ತವೆ: ತಟ್ಟೆಯನ್ನು ಹೊರಗೆ ತಳ್ಳುವುದೊಂದು, ಡಿಸ್ಕನ್ನು ತಿರುಗಿಸುವುದೊಂದು, ಮಸೂರವನ್ನು ಹಿಂದೆ ಮುಂದೆ ಸರಿಸುವುದೊಂದು. ತಟ್ಟೆಯ ಮೋಟಾರಿಗೆ ಎರಡೇ ತಂತಿ. ಎರಡು ಸೆಲ್ಲು ಹಚ್ಚಿದರೆ ಗಿರ್ರನೆ ತಿರುಗುತ್ತದೆ. ಅಂಥ ಎರಡು ಸಿಕ್ಕರೆ ಪುಟ್ಟ ಗಾಡಿಯ ಎರಡು ಗಾಲಿಗೆ ಸಾಕು. ನಾಲ್ಕು ತಂತಿಯ ಮೋಟಾರು ಕಂಡರೆ ಅದು ಹೆಜ್ಜೆಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಜಾತಿಯದು. ಸೆಲ್ಲು ಹಚ್ಚಿದರೆ ‘ಟಿಕ್’ ಎಂದು ಸುಮ್ಮನಾಗುತ್ತದೆ. ಕೆಟ್ಟಿದೆಯೆಂದು ಎಸೆಯಬೇಡಿ, ಅದನ್ನು ನಡೆಸಲು ಬೇರೆ ಮಂಡಲ ಬೇಕು, ಅಷ್ಟೆ. ಪ್ರಿಂಟರಿನಲ್ಲಿ ನುಣುಪಾದ ಉಕ್ಕಿನ ಸರಳು, ಹಲ್ಲಿನ ಬೆಲ್ಟು, ಸ್ಪ್ರಿಂಗು, ರಾಶಿ ತಿರುಪುಗಳು ದೊರೆಯುತ್ತವೆ. (ನನ್ನಂಥ ಸರಕಾರಿ ನೌಕರರಿಗೊಂದು ಕಿವಿಮಾತು: ಕಚೇರಿಯ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಪ್ರಿಂಟರಿನ ಮೇಲೆ ಕಣ್ಣು ಹಾಕಬೇಡಿ. ಅದು ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಇನ್ನೂ ಜೀವಂತವಾಗಿದೆ!)

ಹೊಟ್ಟೆಯಲ್ಲಿ ಚೆಂಡಿರುವ ಹಳೆಯ ಮೌಸು ಸಿಕ್ಕರಂತೂ ಅದೃಷ್ಟ. ಅದರೊಳಗೆ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಬೀರುವ ದೀಪಗಳೂ ಆ ಬೆಳಕನ್ನು ಗುರುತಿಸುವ ‘ಕಣ್ಣು’ಗಳೂ ಇರುತ್ತವೆ. ಹಸಿರು ಹಲಗೆಯ ಮೇಲಿನ ಸಣ್ಣಪುಟ್ಟ ರೆಸಿಸ್ಟರುಗಳನ್ನು ಕೀಳುತ್ತ ಕೂರುವುದು ಮಾತ್ರ ನನ್ನ ಮಟ್ಟಿಗೆ ವ್ಯರ್ಥ. ಹೊಸವು ಪುಡಿಗಾಸಿಗೆ ಸಿಗುವಾಗ ಬೆರಳು ಸುಟ್ಟುಕೊಳ್ಳುವುದೇಕೆ?

ತಾಯಂದಿರು ಇಲ್ಲಿ ಸ್ವಲ್ಪ ಗಮನವಿಟ್ಟು ಓದಬೇಕು. ಗೋಡೆಯ ವಿದ್ಯುತ್ತಿಗೆ ಹಚ್ಚಿದ ಯಾವ ಸಾಮಾನನ್ನೂ ಬಿಚ್ಚಕೂಡದೆಂಬುದು ಎಲ್ಲರಿಗೂ ಗೊತ್ತು. ಪ್ಲಗ್ಗು ಕಿತ್ತ ಮೇಲೂ ಅಪಾಯ ಉಳಿದಿರುತ್ತದೆಂಬುದು ಅನೇಕರಿಗೆ ಗೊತ್ತಿಲ್ಲ. ಡಬ್ಬಿಯಂತಹ ಹಳೆಯ ಟಿವಿಯ ಗಾಜಿನ ಕೊಳವೆ ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿ ಕೆಲಸ ಮಾಡುವಂಥದು. ಆರಿಸಿದ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ. ಮೈಕ್ರೋವೇವ್ ಒಲೆಯಲ್ಲಿರುವ ದೊಡ್ಡ ಕೆಪಾಸಿಟರು ಆಳನ್ನೇ ಕೊಲ್ಲಬಲ್ಲದು. ಇವೆರಡನ್ನೂ ಮಕ್ಕಳು ಮುಟ್ಟಲೇಬಾರದು. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ತಗಡಿನ ಡಬ್ಬಿಯೂ ಅಷ್ಟೆ; ಅದರೊಳಗೆ ಮುನ್ನೂರು ವೋಲ್ಟಿಗಿಂತ ಹೆಚ್ಚು ಕಾದು ಕುಳಿತಿರುತ್ತದೆ. ಡಿವಿಡಿ ಡ್ರೈವಿನ ಲೇಸರು ಕಣ್ಣು ಕೆಡಿಸುತ್ತದೆ. ಉಬ್ಬಿದ ಮೊಬೈಲ್ ಬ್ಯಾಟರಿಗೆ ಮೊಳೆ ತಾಗಿದರೆ ಬೆಂಕಿಯೇ. ಹಳೆಯ ಬೆಸುಗೆಯಲ್ಲಿ ಸೀಸವಿರುತ್ತದೆ, ಆದ್ದರಿಂದ ಕೆಲಸ ಮುಗಿಸಿ ಕೈ ತೊಳೆಯದೆ ಚಕ್ಕುಲಿಯ ಡಬ್ಬಿಗೆ ಕೈ ಹಾಕಲು ಬಿಡಬೇಡಿ. ಸೆಲ್ಲಿನಿಂದ ನಡೆಯುವ ಆಟಿಕೆ, ವಾಕ್‌ಮನ್, ಮೌಸು ಇವುಗಳಿಂದ ಆರಂಭಿಸುವುದು ಕ್ಷೇಮ.

ಆದರೆ ಎಲ್ಲ ಹಳೆಯದೂ ಭಂಗಾರವಲ್ಲ. ಧಾರವಾಡದಿಂದ ಬಂದ ಮಾವನವರ ಟೇಪ್ ರಿಕಾರ್ಡರೊಂದು ನಮ್ಮ ಕಪಾಟಿನ ಮೇಲಿತ್ತು. ಅದು ಮೂಕವಾಗಿ ಎಷ್ಟೋ ವರ್ಷವಾಗಿತ್ತು. ಜೊತೆಗೆ ಒಂದು ಕ್ಯಾಸೆಟ್ಟು. ಅದರಲ್ಲಿ ಈಗಿಲ್ಲದ ನಮ್ಮ ಅತ್ತೆಯವರು ಹಾಡಿದ ಬೀಸುವ ಹಾಡುಗಳು. ಹುಡುಗನ ಕಣ್ಣು ಅದರ ಮೋಟಾರಿನ ಮೇಲೆ ಬಿತ್ತು.

“ಅದಕ್ಕ ಕೈ ಹಚ್ಚಿದಿ ಅಂದ್ರ ನೋಡು!” ಎಂದಳು ತಾಯಿ.

“ಅವ್ವಾ, ಅದು ಹೆಂಗೂ ನಡ್ಯೂದಿಲ್ಲಲ್ಲ?”

ಆಕೆ ಉತ್ತರ ಕೊಡದೆ ಒಳಗೆ ಹೋದಳು. ಅದನ್ನು ನೋಡಿ ಹುಡುಗ ಸಪ್ಪಗಾದ. ನಾಲ್ಕಾರು ದಿನಗಳ ನಂತರ, ಬಿಚ್ಚಿ ನೋಡುವುದಷ್ಟೆ, ಏನನ್ನೂ ಕೀಳುವುದಿಲ್ಲವೆಂಬ ಕರಾರಿನ ಮೇಲೆ ಅಪ್ಪಣೆ ದೊರೆಯಿತು. ಒಳಗೆ ಮೋಟಾರು ಸರಿಯಾಗಿಯೇ ಇತ್ತು. ರಬ್ಬರಿನ ಬೆಲ್ಟು ಮಾತ್ರ ಕರಗಿ ಡಾಂಬರಿನಂತೆ ಚಕ್ರಕ್ಕೆ ಅಂಟಿಕೊಂಡಿತ್ತು. ಹಳೆಯ ಟೇಪ್ ರಿಕಾರ್ಡರುಗಳ ಸಾಮಾನ್ಯ ರೋಗವಿದು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಬೆಲ್ಟಿನ ದಾರಿಯನ್ನು ನೂಲಿನಿಂದ ಅಳೆದು, ಅಳತೆಗಿಂತ ತುಸು ಚಿಕ್ಕ ಬೆಲ್ಟನ್ನು ಲ್ಯಾಮಿಂಗ್ಟನ್ ರೋಡಿನಿಂದ ತಂದು ಹಾಕಿದ. ಆ ಸಂಜೆ ನಮ್ಮ ಎರಡು ಕೋಣೆಯ ಮನೆಯಲ್ಲಿ ಬೀಸುವ ಹಾಡು ಕೇಳಿಸಿತು. ಮೊದಲು ಒಂದು ಕೆಮ್ಮು, ಆಮೇಲೆ ಹಾಡು. ಆಕೆ ಒಲೆಯ ಮೇಲಿನ ಪಲ್ಯವನ್ನು ಮರೆತದ್ದರಿಂದ ನಾವು ಅಂದು ಚಟ್ನಿಪುಡಿ, ಮೊಸರಿನಲ್ಲಿ ಊಟ ಮುಗಿಸಿದೆವು. ಯಾರೂ ದೂರಲಿಲ್ಲ.

ರೋಬೋಟಿಗೆ ಮೋಟಾರು ಭಂಗಾರ್‌ವಾಲಾನಿಂದಲೇ ಬಂತು. ಅದರ ರಚನೆ ಸರಳ. ಎಡಗಡೆಯ ಕಣ್ಣನ್ನು ಒಂದು ಟ್ರಾನ್ಸಿಸ್ಟರಿನ ಮೂಲಕ ಬಲಗಾಲಿಯ ಮೋಟಾರಿಗೂ ಬಲಗಡೆಯ ಕಣ್ಣನ್ನು ಹಾಗೆಯೇ ಎಡಗಾಲಿಗೂ ಜೋಡಿಸಬೇಕು. ಎಡಕ್ಕೆ ಬೆಳಕು ಹೆಚ್ಚಿದರೆ ಬಲಗಾಲಿ ಜೋರಾಗಿ ತಿರುಗಿ ಗಾಡಿ ಎಡಕ್ಕೆ, ಅಂದರೆ ಬೆಳಕಿನತ್ತಲೇ ಹೊರಳುತ್ತದೆ. ಯಾವ ಲೆಕ್ಕಾಚಾರವೂ ಇಲ್ಲದೆ ಹುಳುವಿನಂತೆ ದೀಪದ ಕಡೆಗೆ ಓಡುತ್ತದೆ! ವಾಲೆಂಟಿನೊ ಬ್ರೈಟೆನ್‌ಬರ್ಗ್ ಎಂಬ ವಿಜ್ಞಾನಿ ಇಂಥ ಗಾಡಿಗಳ ವಿಚಾರವಾಗಿಯೇ ೧೯೮೪ರಲ್ಲಿ ಒಂದು ಪುಸ್ತಕ ಬರೆದಿದ್ದಾನೆ. ಒಂದು ಸೂಕ್ಷ್ಮವಿದೆ: ಮೌಸಿನ ಕಣ್ಣಿಗೆ ಬೇಕಾದ ಅವಗೆಂಪು ಬೆಳಕು ಈಗಿನ ಎಲ್‌ಇಡಿ ಬಲ್ಬಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಳೆಯ ತಂತಿಯ ಬಲ್ಬಿನ ಟಾರ್ಚನ್ನೋ ಕಿಟಕಿಯ ಬಿಸಿಲನ್ನೋ ತೋರಿಸಬೇಕು.

ಬಿಚ್ಚಿ ಉಳಿದ ಹಲಗೆಗಳನ್ನು ಸುಡಬೇಡಿ, ಕಸದ ಡಬ್ಬಿಗೂ ಹಾಕಬೇಡಿ. ಅವುಗಳಲ್ಲಿ ಚೂರು ನಿಜವಾದ ಬಂಗಾರವಿರುತ್ತದೆಂದು ಆಮ್ಲದಲ್ಲಿ ಅದ್ದಿ ತೆಗೆಯುವವರಿದ್ದಾರೆ. ಅದು ವಿಷದ ಉದ್ಯೋಗ. ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಂತೆ ಇವು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು.

ಹೊಸ ಬೆಲ್ಟು, ಟ್ರಾನ್ಸಿಸ್ಟರು ಮುಂತಾದವು ಪುಣೆಯವರಿಗೆ ಬುಧವಾರ ಪೇಠೆಯ ತಾಪಕೀರ್ ಗಲ್ಲಿಯಲ್ಲಿ, ಚೆನ್ನೈಯವರಿಗೆ ರಿಚಿ ಸ್ಟ್ರೀಟಿನಲ್ಲಿ, ದಿಲ್ಲಿಯವರಿಗೆ ಕೆಂಪುಕೋಟೆಯ ಎದುರಿನ ಲಾಜಪತ ರಾಯ್ ಮಾರ್ಕೆಟ್ಟಿನಲ್ಲಿ ದೊರೆಯುತ್ತವೆ. ನಮ್ಮ ಲ್ಯಾಮಿಂಗ್ಟನ್ ರೋಡಿಗೆ ಗ್ರಾಂಟ್ ರೋಡ್ ಸ್ಟೇಶನ್ನಿನಲ್ಲಿ ಇಳಿಯಬೇಕು. ರವಿವಾರ ಅಲ್ಲಿಯ ಬಹಳಷ್ಟು ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಹೋಗಿಬನ್ನಿ, ಹಳೆಯ ಬೆಲ್ಟಿನ ಚೂರನ್ನು ನಮೂನೆಗೆಂದು ಜೊತೆಗೆ ಒಯ್ಯಿರಿ.