ಕಿಡಿ ಬದಲಿಸಿದರೆ ಎಂಜಿನ್ನಿನ ಬಲ ಹೆಚ್ಚುವುದೇ?

ಗೋವಿನಜೋಳಕ್ಕೆ ಎಡೆ ಹೊಡೆಯುವ ಕಾಲ ಸಮೀಪಿಸಿತೆಂದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು ಹಾಗೂ ಹಿರೇಕೆರೂರು ಭಾಗದ ರೈತರು ಮೂಲೆಯಲ್ಲಿಟ್ಟಿದ್ದ ಪೆಟ್ರೋಲ್ ಯಂತ್ರಗಳನ್ನು ಹೊರತೆಗೆಯುತ್ತಾರೆ. ಹಗ್ಗ ಜಗ್ಗಿದರೂ ಎಂಜಿನ್ ಏಳದಿದ್ದರೆ ಮೊದಲು ಅನುಮಾನಕ್ಕೆ ಒಳಗಾಗುವುದು ಸ್ಪಾರ್ಕ್ ಪ್ಲಗ್. ಈ ಹೊತ್ತಿನಲ್ಲಿ ಬಿಡಿಭಾಗದ ವರ್ತಕರ ಮುಂದೆ ಬರುವ ಹೊಸ ಪ್ರಶ್ನೆಯೊಂದಿದೆ: ಇರಿಡಿಯಂ ಪ್ಲಗ್, ‘ರೇಸಿಂಗ್’ ಕಾಯಿಲ್, ಹೆಚ್ಚಿನ ಶಕ್ತಿಯ ಸಿ.ಡಿ.ಐ. ಮುಂತಾದ ದುಬಾರಿ ಭಾಗಗಳನ್ನು ಹಾಕಿದರೆ ಎಂಜಿನ್ನಿನ ಎಳೆತ ಹೆಚ್ಚುವುದೇ?

ಈ ಪ್ರಶ್ನೆಯ ಮೂಲ ಹವ್ಯಾಸಿಗಳ ಲೋಕದಲ್ಲಿದೆ. ಕಚ್ಚಾ ದಾರಿಯಲ್ಲಿ ಓಡುವ ಚಿಕ್ಕ ನಾಲ್ಕು ಚಕ್ರದ ಬಗ್ಗಿಗಳ ಒಡೆಯರು ಇಂತಹ ಭಾಗಗಳ ಹಿಂದೆ ಬಹುಕಾಲದಿಂದ ಬಿದ್ದಿದ್ದಾರೆ. ನಮ್ಮ ಹೊಲಗಳಲ್ಲಿ ಬಗ್ಗಿ ಅಪರೂಪವಾದರೂ ಅದರ ಎಂಜಿನ್ ಅಪರಿಚಿತವಲ್ಲ. ಗಾಳಿಯಿಂದ ತಣಿಯುವ, ಒಂದೇ ಸಿಲಿಂಡರಿನ, ಸುಮಾರು 200 ಸಿ.ಸಿ. ಗಾತ್ರದ ಅದೇ ಬಗೆಯ ಎಂಜಿನ್ ಕಳೆ ತೆಗೆಯುವ ಯಂತ್ರದಲ್ಲಿಯೂ ಇದೆ, ನೀರೆತ್ತುವ ಪಂಪಿನಲ್ಲಿಯೂ ಇದೆ. ಆದುದರಿಂದ ಬಗ್ಗಿಗೆ ಅನ್ವಯಿಸುವ ಉತ್ತರವೇ ಇವುಗಳಿಗೂ ಅನ್ವಯಿಸುತ್ತದೆ.

ಉತ್ತರವನ್ನು ನೇರವಾಗಿ ಹೇಳುವುದಾದರೆ, ಸುಸ್ಥಿತಿಯಲ್ಲಿರುವ ಎಂಜಿನ್ನಿಗೆ ದುಬಾರಿ ಕಿಡಿಯಿಂದ ಬಲ ಬರುವುದಿಲ್ಲ. ಬಲ ಹುಟ್ಟುವುದು ಸಿಲಿಂಡರಿನೊಳಗೆ ಹೋಗುವ ಗಾಳಿ ಮತ್ತು ಇಂಧನದಿಂದ. ಕಿಡಿಯ ಕೆಲಸ ಆ ಮಿಶ್ರಣವನ್ನು ಸರಿಯಾದ ಕ್ಷಣದಲ್ಲಿ ಹೊತ್ತಿಸುವುದಷ್ಟೆ. ಅನುಕೂಲ ಸ್ಥಿತಿಯಲ್ಲಿ ಪೆಟ್ರೋಲ್ ಮಿಶ್ರಣ ಹೊತ್ತಿಕೊಳ್ಳಲು ಒಂದು ಮಿಲಿಜೂಲಿಗಿಂತಲೂ ಕಡಿಮೆ ಶಕ್ತಿ ಸಾಕು. ಸಾಮಾನ್ಯ ಇಗ್ನಿಷನ್ ವ್ಯವಸ್ಥೆ ಅದರ ಎಷ್ಟೋ ಪಟ್ಟು ಶಕ್ತಿಯನ್ನು ಒದಗಿಸುತ್ತದೆ. ಅದರ ಮೇಲೆ ಇನ್ನಷ್ಟು ಸುರಿಯುವುದು ಹೊತ್ತಿ ಉರಿಯುವ ಒಲೆಗೆ ಮತ್ತೊಂದು ಕಡ್ಡಿ ಗೀರಿದಂತೆ.

ವೇಗಮಿತಿಯನ್ನು ತೆಗೆದುಹಾಕುವ ಸಿ.ಡಿ.ಐ.ಗಳ ಕಥೆಯೂ ಹೀಗೆಯೇ. ಹೋಂಡಾ ಕಂಪನಿಯ ಜಿ.ಎಕ್ಸ್. 200 ಎಂಜಿನ್ 196 ಸಿ.ಸಿ. ಗಾತ್ರದ್ದು, ಅದರ ಗರಿಷ್ಠ ಶಕ್ತಿಯನ್ನು ನಿಮಿಷಕ್ಕೆ 3600 ಸುತ್ತುಗಳ ವೇಗದಲ್ಲಿ ನಮೂದಿಸಲಾಗಿದೆ. ಇಂತಹ ಎಂಜಿನ್ನುಗಳಲ್ಲಿ ವೇಗವನ್ನು ಹಿಡಿದಿಡುವುದು ಯಾಂತ್ರಿಕ ಗವರ್ನರ್, ಇಗ್ನಿಷನ್ ಅಲ್ಲ. ಇನ್ನು ಕಿಡಿಯ ಸಮಯವನ್ನು ಮುಂದಕ್ಕೆ ತಂದರೆ ಕೆಲವೊಮ್ಮೆ ಎಂಜಿನ್ ಚುರುಕಾಗುವುದು ನಿಜ. ಆದರೆ ಅತಿಯಾದರೆ ಎಂಜಿನ್ ಬಡಿದುಕೊಳ್ಳುತ್ತದೆ, ಹಗ್ಗ ಜಗ್ಗುವವನ ಕೈಗೆ ತಿರುಗೇಟು ಬೀಳುತ್ತದೆ. ದಿನವಿಡೀ ದುಡಿಯುವ ಯಂತ್ರಕ್ಕೆ ಇದು ತಕ್ಕ ಪ್ರಯೋಗವಲ್ಲ.

ಹಾಗಾದರೆ ಹೊಸ ಪ್ಲಗ್ ಹಾಕಿದ ಕೂಡಲೇ ಗಾಡಿ ಹಗುರವಾಗಿ ಓಡಿತೆಂದು ಗಿರಾಕಿ ಹೇಳುವುದು ಸುಳ್ಳೇ? ಸುಳ್ಳಲ್ಲ. ಕಳೆದುಹೋಗಿದ್ದ ಬಲ ಮರಳಿ ಬಂದಿರುತ್ತದೆ. ಅದೇ ಮಾದರಿಯ ಸಾಮಾನ್ಯ ಪ್ಲಗ್ ಹಾಕಿದ್ದರೂ ಅಷ್ಟೇ ಬರುತ್ತಿತ್ತು. ಮಳೆ ಹೆಚ್ಚಿರುವ ಹಾನಗಲ್ಲ ಸೀಮೆಯಲ್ಲಿ ಬಿರಿದ ಪ್ಲಗ್ ಕ್ಯಾಪಿನ ಮೂಲಕ ತೇವದಲ್ಲಿ ಕಿಡಿ ಸೋರಿಹೋಗಬಹುದು. ಅಲಗು ಕಲ್ಲಿಗೆ ಬಡಿದಾಗ ಫ್ಲೈವ್ಹೀಲಿನ ಚಾವಿ ಕತ್ತರಿಸಿ ಕಿಡಿಯ ಸಮಯವೇ ತಪ್ಪಬಹುದು. ಆಗ ಹತ್ತು ಪ್ಲಗ್ ಬದಲಿಸಿದರೂ ಪ್ರಯೋಜನವಿಲ್ಲ. ಪ್ಲಗ್ಗಿನ ತುದಿಗಳು ಸವೆದು ಅಂತರ ಹೆಚ್ಚುವುದೂ ಉಂಟು. ಮೇಲೆ ಹೇಳಿದ ಹೋಂಡಾ ಎಂಜಿನ್ನಿಗೆ ಈ ಅಂತರ 0.7ರಿಂದ 0.8 ಮಿ.ಮೀ. ಇರಬೇಕು. ಅದನ್ನು ಅಳೆಯುವ ಫೀಲರ್ ಗೇಜ್ ಪ್ರತಿ ಅಂಗಡಿಯ ಗಲ್ಲೆಯ ಮೇಲೆ ಇರತಕ್ಕ ವಸ್ತು. ಸವಣೂರು ಕಡೆಯ ಎರೆಹೊಲಗಳ ಬೇಸಿಗೆಯ ಧೂಳಿನಲ್ಲಿ ಗಾಳಿಯ ಫಿಲ್ಟರ್ ಕಟ್ಟಿಕೊಂಡರೆ ಪ್ಲಗ್ ಮಸಿ ಹಿಡಿಯುತ್ತದೆ. ದೋಷ ಫಿಲ್ಟರಿನದು, ಬೈಗುಳ ಪ್ಲಗ್ಗಿಗೆ.

ಇರಿಡಿಯಂ ಪ್ಲಗ್ ನಿರುಪಯುಕ್ತವೆಂದಲ್ಲ. ಅದರ ನಡುವಿನ ತುದಿ ಕೂದಲೆಳೆಯಷ್ಟಲ್ಲದಿದ್ದರೂ ಬಲು ತೆಳುವಾಗಿರುವುದರಿಂದ ಕಡಿಮೆ ವೋಲ್ಟೇಜಿನಲ್ಲಿ ಕಿಡಿ ಹಾರುತ್ತದೆ. ಸುಮಾರು 2,450 ಡಿಗ್ರಿ ಸೆಲ್ಸಿಯಸ್‌ವರೆಗೂ ಕರಗದ ಲೋಹವಾದ್ದರಿಂದ ಅದು ನಿಧಾನವಾಗಿ ಸವೆಯುತ್ತದೆ. ಅದನ್ನು ‘ಬಹುಕಾಲ ಬಾಳುತ್ತದೆ’ ಎಂದು ಮಾರಿದರೆ ಮಾತು ನಿಲ್ಲುತ್ತದೆ. ‘ಬಲ ಹೆಚ್ಚುತ್ತದೆ’ ಎಂದು ಮಾರಿದರೆ ಗಿರಾಕಿ ವಾರದೊಳಗೆ ಹಿಂದಿರುಗುತ್ತಾನೆ. ಮಸಿ, ಎಣ್ಣೆ ಹಿಡಿದು ಕೆಡುವ ಹಳೆಯ ಎಂಜಿನ್ನಿಗೆ ಮಾತ್ರ ಸಾಮಾನ್ಯ ಪ್ಲಗ್ಗೇ ಲೇಸು.

ವರ್ತಕರಿಗೆ ನಿಜವಾದ ಅಪಾಯವಿರುವುದು ಪ್ಲಗ್ಗಿನ ಸಂಖ್ಯೆಯಲ್ಲಿ. ಪ್ಲಗ್ ಎಷ್ಟು ಬೇಗ ಶಾಖವನ್ನು ಹೊರದಾಟಿಸುತ್ತದೆ ಎಂಬುದನ್ನು ಕಂಪನಿಗಳು ಸಂಖ್ಯೆಯಿಂದ ಸೂಚಿಸುತ್ತವೆ. ಎನ್.ಜಿ.ಕೆ. ಪದ್ಧತಿಯಲ್ಲಿ ಸಂಖ್ಯೆ ಏರಿದಂತೆ ಪ್ಲಗ್ ತಂಪಾದದ್ದು. ಬಾಷ್ ಪದ್ಧತಿಯಲ್ಲಿ ಸಂಖ್ಯೆ ಏರಿದಂತೆ ಬಿಸಿಯಾದದ್ದು. ಒಂದರ ಬದಲು ಇನ್ನೊಂದನ್ನು ಸಂಖ್ಯೆ ನೋಡಿ ಕೊಡುವುದು ತೂಕದ ಕಲ್ಲನ್ನೇ ಅದಲುಬದಲು ಮಾಡಿದಂತೆ. ಅತಿ ಬಿಸಿಯ ಪ್ಲಗ್ಗಿನಿಂದ ಪಿಸ್ಟನ್ ತೂತಾದ ಉದಾಹರಣೆಗಳು ಎಂಜಿನ್ ಕಸುಬಿನವರಿಗೆ ಹೊಸತಲ್ಲ. ಥ್ರೆಡ್ಡಿನ ಉದ್ದವನ್ನೂ ನೋಡಬೇಕು. 12.7 ಮಿ.ಮೀ. ಇರಬೇಕಾದ ಕಡೆ 19 ಮಿ.ಮೀ. ಪ್ಲಗ್ ತಿರುಗಿಸಿದರೆ ಅದು ಪಿಸ್ಟನ್ನಿಗೆ ತಾಗುವ ಸಂಭವವಿದೆ. ಕೆಲವು ನೂರು ರೂಪಾಯಿಗಳ ವ್ಯಾಪಾರಕ್ಕೆ ಎಂಜಿನ್ನಿನ ಹೊಣೆ ಅಂಗಡಿಯವರ ತಲೆಗೆ ಬರುತ್ತದೆ, ಅದೂ ಬಿತ್ತನೆಯ ಗಡಿಬಿಡಿಯಲ್ಲಿ.

ಬಗ್ಗಿಯ ವೇಗ, ಎಳೆತ ಎಲ್ಲಿಂದ ಬರುತ್ತದೆ ಎಂಬುದಕ್ಕೆ 2007ರಲ್ಲಿ ಭಾರತದಲ್ಲಿ ಆರಂಭವಾದ ಬಾಹಾ ಎಸ್.ಎ.ಇ. ಸ್ಪರ್ಧೆ ಒಳ್ಳೆಯ ನಿದರ್ಶನ. ಇಂಜಿನಿಯರಿಂಗ್ ವಿದ್ಯಾರ್ಥಿಗಳೇ ಬಗ್ಗಿ ಕಟ್ಟುವ ಈ ಸ್ಪರ್ಧೆಯ ಪೆಟ್ರೋಲ್ ವಿಭಾಗದಲ್ಲಿ ಎಲ್ಲ ತಂಡಗಳಿಗೂ ಒಂದೇ ಮಾದರಿಯ ಎಂಜಿನ್. ಅದರ ಬಲ ಹೆಚ್ಚಿಸಲು ಕೈ ಹಾಕುವಂತಿಲ್ಲ. ಗೆಲುವು ಸೋಲುಗಳನ್ನು ತೀರ್ಮಾನಿಸುವುದು ಗಾಡಿಯ ತೂಕ, ಗೇರಿನ ಅನುಪಾತ, ಸಸ್ಪೆನ್ಷನ್ ಮತ್ತು ಚಾಲಕನ ಕೈಚಳಕ.

ಸಣ್ಣ ಉದ್ದಿಮೆದಾರರು ಗಮನಿಸಬೇಕಾದ ಅಂಶ ಇಲ್ಲಿದೆ. ಚೈನಿನಿಂದ ಓಡುವ ಗಾಡಿಯಲ್ಲಿ 60 ಹಲ್ಲಿನ ಹಿಂದಿನ ಸ್ಪ್ರಾಕೆಟ್ ತೆಗೆದು 72 ಹಲ್ಲಿನದನ್ನು ಹಾಕಿದರೆ ಚಕ್ರದ ಎಳೆತ ಶೇಕಡಾ 20ರಷ್ಟು ಹೆಚ್ಚುತ್ತದೆ. ವೇಗ ಆರನೆಯ ಒಂದು ಭಾಗದಷ್ಟು ಇಳಿಯುತ್ತದೆ. ಯಾವ ಕಾಯಿಲ್ಲೂ ಕೊಡಲಾರದ ಬದಲಾವಣೆಯಿದು. ಸ್ಪ್ರಾಕೆಟ್ ಕತ್ತರಿಸುವುದು ಲೇತ್ ಮತ್ತು ಮಿಲ್ಲಿಂಗ್ ಯಂತ್ರವಿರುವ ಕಾರ್ಖಾನೆಗೆ ಅಸಾಧ್ಯದ ಕೆಲಸವೇನಲ್ಲ. ರಬ್ಬರಿನ ಪ್ಲಗ್ ಕ್ಯಾಪ್, ಫಿಲ್ಟರಿನ ಕವಚಗಳಿಗೂ ಇದೇ ಮಾತು.

ದಾಸ್ತಾನು ಮಾಡುವವರು ಇನ್ನೆರಡು ಸಂಗತಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ಟಾಂಕಿಯಲ್ಲಿ ಉಳಿದರೆ ಎಂಜಿನ್ ಏಳಲು ಹಠ ಮಾಡುತ್ತದೆ. ಪ್ಲಗ್ ಕೇಳಿ ಬಂದವರಿಗೆ ಹಳೆಯ ಪೆಟ್ರೋಲ್ ಚೆಲ್ಲಿದ್ದೀರಾ ಎಂದು ಕೇಳುವುದು ಒಳಿತು. ಎರಡನೆಯದಾಗಿ, 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಅಸಲಿ ಮತ್ತು ನಕಲಿ ಪ್ಲಗ್ಗುಗಳ ಬೆಲೆಯ ಅಂತರ ಇದರಿಂದ ತುಸು ಕುಗ್ಗಿರುವಾಗ, ಬಿಲ್ಲಿಲ್ಲದ ಮಾಲನ್ನು ಕೊಳ್ಳಲು ಕಾರಣ ಉಳಿದಿಲ್ಲ.