ಆಮೆ ಕಿವುಡೂ ಅಲ್ಲ, ರಸಿಕನೂ ಅಲ್ಲ

ಆಮೆಯ ಕಿವಿಯ ವಿಚಾರದಲ್ಲಿ ನಮ್ಮಲ್ಲಿ ಎರಡು ನಂಬಿಕೆಗಳಿವೆ. ಎರಡೂ ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಂಥವು. ಹಳೆಯ ನಂಬಿಕೆಯ ಪ್ರಕಾರ ಆಮೆ ಹುಟ್ಟು ಕಿವುಡು. ಕೆರೆಯ ದಡದಲ್ಲಿ ನಿಂತು ಕೂಗಿದರೂ ಅದು ಕದಲುವುದಿಲ್ಲ, ತಲೆಯ ಮೇಲೆ ಎಲ್ಲಿ ಹುಡುಕಿದರೂ ಕಿವಿಯ ತೂತು ಕಾಣುವುದಿಲ್ಲ, ಇನ್ನೇನು ಸಾಕ್ಷಿ ಬೇಕು ಎಂಬುದು ಅದರ ವಾದ. ಹೊಸ ನಂಬಿಕೆ ಗಾಜಿನ ತೊಟ್ಟಿಯ ಜೊತೆಗೇ ಮನೆಯೊಳಗೆ ಬಂದದ್ದು. ಲಕ್ಷ್ಮಿ ನೆಲೆಸುತ್ತಾಳೆಂದೋ, ವಾಸ್ತು ಸರಿಹೋಗುತ್ತದೆಂದೋ, ಮಕ್ಕಳು ಹಟ ಹಿಡಿದರೆಂದೋ ಚಿಕ್ಕಬಳ್ಳಾಪುರ, ಚಿಂತಾಮಣಿಯಂಥ ಊರುಗಳ ಮನೆಗಳಿಗೂ ಪುಟ್ಟ ಆಮೆಗಳು ಬಂದು ಸೇರಿವೆ. (ಪಕ್ಕದ ತಮಿಳುನಾಡಿನಲ್ಲಿ ಆಮೆ ಹೊಕ್ಕ ಮನೆ ಉದ್ಧಾರವಾಗುವುದಿಲ್ಲ ಎಂಬ ಗಾದೆಯಿದೆ, ಗಡಿ ದಾಟಿದ ಮಾತ್ರಕ್ಕೆ ಅದೇ ಪ್ರಾಣಿಯ ಕಾಲ್ಗುಣ ಬದಲಾಗುವುದು ಸೋಜಿಗವೇ.) ಹಾಗೆ ಬಂದ ಆಮೆ ಹಾಡು ಹಾಕಿದರೆ ಕತ್ತು ಚಾಚುತ್ತದೆ, ಭಜನೆ ಕೇಳಿ ತಲೆದೂಗುತ್ತದೆ, ತಾಳಕ್ಕೆ ಕೈ ಆಡಿಸುತ್ತದೆ ಎಂದು ಮೊಬೈಲ್ ವಿಡಿಯೊಗಳು ಹೇಳುತ್ತವೆ. ಒಂದು ನಂಬಿಕೆ ಆಮೆಗೆ ಏನೂ ಕೊಡುವುದಿಲ್ಲ, ಇನ್ನೊಂದು ಬೇಕಾದ್ದಕ್ಕಿಂತ ಹೆಚ್ಚು ಕೊಡುತ್ತದೆ. ಆದರೆ ಎರಡರ ತಪ್ಪೂ ಒಂದೇ: ಆಮೆಯ ಕಿವಿಯನ್ನು ನಮ್ಮ ಕಿವಿಯ ಸೇರಿನಲ್ಲಿ ಅಳೆದದ್ದು.

ಮೊದಲು ಕಿವಿ ಇದೆಯೇ ಎಂಬ ಪ್ರಶ್ನೆ. ಹೊರಗೆ ಚಾಚಿಕೊಂಡ ಹಾಲೆ ಸಸ್ತನಿಗಳ ಸೊತ್ತು. ಹಕ್ಕಿಗೂ ಅದಿಲ್ಲ, ಹಾಗೆಂದು ಕೋಗಿಲೆಯನ್ನು ಯಾರೂ ಕಿವುಡು ಎನ್ನುವುದಿಲ್ಲ. ಆಮೆಯ ಕಣ್ಣಿನ ಹಿಂದೆ, ದವಡೆ ಮುಗಿಯುವ ಕಡೆ, ಚರ್ಮ ಹೊದ್ದ ದುಂಡನೆಯ ಜಾಗವೊಂದಿದೆ. ಅದರ ಅಡಿಯಲ್ಲಿ ಮೃದು ಎಲುಬಿನ ಒಂದು ಬಿಲ್ಲೆ, ಬಿಲ್ಲೆಗೆ ಅಂಟಿದಂತೆ ಸಣ್ಣ ಕಡ್ಡಿಯಂಥ ಒಂದೇ ಮೂಳೆ, ಹಿಂದೆ ಗಾಳಿ ತುಂಬಿದ ಗೂಡು. ನಮ್ಮ ನಡುಗಿವಿಯಲ್ಲಿ ಮೂರು ಮೂಳೆಗಳು ಮಾಡುವ ಕೆಲಸವನ್ನು ಇಲ್ಲಿ ಆ ಕಡ್ಡಿಯೊಂದೇ ಮಾಡುತ್ತದೆ: ಅದುರನ್ನು ಒಳಗಿವಿಗೆ ಒಯ್ಯುತ್ತದೆ. ಸಾಕುವವರ ಮನೆಗಳಲ್ಲಿ ಹೆಚ್ಚಾಗಿ ಕಾಣುವ, ಅಮೆರಿಕ ಮೂಲದ ರೆಡ್ ಇಯರ್ ಸ್ಲೈಡರ್ ಆಮೆಗೆ ಹೆಸರಿನಲ್ಲೇ ಕಿವಿಯಿದೆ. ಆದರೆ ಆ ಕೆಂಪು ಪಟ್ಟೆ ಬರೀ ಬಣ್ಣ, ಅದು ಕೇಳುವ ಅಂಗವಲ್ಲ. ಇದೆಲ್ಲ ಊಹೆಯ ಮಾತೂ ಅಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಅರ್ನೆಸ್ಟ್ ಗ್ಲೆನ್ ವೀವರ್ 1950ರ ದಶಕದಲ್ಲೇ ಆಮೆಯ ಒಳಗಿವಿಯಿಂದ ಹೊಮ್ಮುವ ವಿದ್ಯುತ್ ಸಂಕೇತಗಳನ್ನು ಅಳೆದಿದ್ದರು. 1980ರ ದಶಕದ ಆರಂಭದಲ್ಲಿ ಕೇಂಬ್ರಿಡ್ಜ್‌ನ ಕ್ರಾಫರ್ಡ್ ಮತ್ತು ಫೆಟಿಪ್ಲೇಸ್ ಇನ್ನೂ ಒಳಕ್ಕಿಳಿದು, ಆಮೆಯ ಕಿವಿಯಲ್ಲಿ ಸದ್ದು ಹಿಡಿಯುವ ಒಂದೊಂದು ಕೂದಲು ಕೋಶವೂ ತನ್ನದೇ ಆದ ಒಂದು ಕಂಪನಕ್ಕೆ ವಿದ್ಯುತ್ತಿನ ಮೂಲಕ ಶ್ರುತಿಗೊಂಡಿರುತ್ತದೆ ಎಂದು ತೋರಿಸಿದರು. ಕಿವುಡು ಎಂದು ನಾವು ತಳ್ಳಿಹಾಕಿದ ಪ್ರಾಣಿಯ ಕಿವಿಯೇ ಶ್ರವಣದ ಗುಟ್ಟು ಬಿಡಿಸಲು ವಿಜ್ಞಾನಿಗಳಿಗೆ ಒದಗಿಬಂತು.

ಹಾಗಾದರೆ ಕೆರೆ ದಡದ ಕೂಗಿಗೆ ಅದು ಏಕೆ ಕದಲಲಿಲ್ಲ? ಉತ್ತರಕ್ಕೆ ಗೌರಿಬಿದನೂರಿನ ಹೊರವಲಯಕ್ಕೆ ಹೋದರೆ ಸಾಕು. ಅಲ್ಲಿ 1976ರಿಂದ ಕೆಲಸ ಮಾಡಿದ ಡೆಕಾಮೀಟರ್ ರೇಡಿಯೊ ದೂರದರ್ಶಕವಿದೆ. ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ನಡೆಸಿದ್ದು. ಬಟ್ಟೆ ಒಣಹಾಕುವ ತಂತಿಗಳ ಹಾಗೆ ಹೊಲದುದ್ದಕ್ಕೂ ನಿಂತ ಸಾವಿರ ಆಂಟೆನಾಗಳು 34.5 ಮೆಗಾಹರ್ಟ್ಸ್ ಎಂಬ ಒಂದೇ ಕಿರಿದಾದ ಕಂಡಿಯಿಂದ ಆಕಾಶವನ್ನು ಆಲಿಸಿದವು. ಎಫ್‌ಎಂ ಹಾಡಾಗಲಿ ಮೊಬೈಲ್ ಕರೆಯಾಗಲಿ ಅದಕ್ಕೆ ದಕ್ಕದು. ಹಾಗೆಂದು ಅದು ಕಿವುಡಲ್ಲ, ಅದರ ಕಂಡಿ ಚಿಕ್ಕದು. ಆಮೆಯದೂ ಹೀಗೇ. ಎಳೆಯ ವಯಸ್ಸಿನ ಮನುಷ್ಯನ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗೆ ಹಿಡಿಯುತ್ತದೆ. ಆಮೆಯದು ಸಾವಿರದ ಆಸುಪಾಸಿನಲ್ಲೇ ಮುಗಿದುಹೋಗುತ್ತದೆ, ಚೆನ್ನಾಗಿ ಕೇಳುವುದು ಅದರಲ್ಲೂ ಕೆಲವು ನೂರರ ಒಂದು ಪಟ್ಟಿಯಲ್ಲಿ ಮಾತ್ರ. ನಾವು ದೂರದಿಂದ ಕೀರಲು ದನಿಯಲ್ಲಿ ಕೂಗಿದಾಗ ಆ ಕೂಗಿನ ಹೆಚ್ಚಿನ ಭಾಗ ಕಂಡಿಯ ಮೇಲೆಯೇ ಹಾರಿಹೋಗಿರುತ್ತದೆ. ಉಳಿದದ್ದು ಕೇಳಿಸಿದರೂ, ಹಿಂತಿರುಗಿ ನೋಡಬೇಕಾದ ಕಾರಣ ಆಮೆಗಿಲ್ಲ. ಕೇಳಿಸುವುದು ಬೇರೆ, ಓಗೊಡುವುದು ಬೇರೆ. ಇದು ನಮ್ಮ ಮನೆಗಳ ಮಕ್ಕಳಲ್ಲೂ ದಿನವೂ ಕಾಣುವ ವಿಷಯ.

ಈಗ ಸಂಗೀತಕ್ಕೆ ಬರೋಣ. ಇಲ್ಲಿ ಲೆಕ್ಕ ಸ್ವಲ್ಪ ಸ್ವಾರಸ್ಯಕರವಾಗುತ್ತದೆ. ಗುರುಪೂರ್ಣಿಮೆಯ ಹೊತ್ತಿಗೆ ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ನಡೆಯುವ ಸಂಗೀತೋತ್ಸವದಲ್ಲಿ ಒಬ್ಬ ವಿದುಷಿ ಐದೂವರೆ ಮನೆ ಶ್ರುತಿಯಲ್ಲಿ ಅಲ್ಲಿನ ಸಂತಕವಿ ತಾತಯ್ಯನವರ ಕೀರ್ತನೆ ಹಾಡುತ್ತಿದ್ದಾರೆ ಎಂದುಕೊಳ್ಳಿ. ಅವರ ಆಧಾರ ಷಡ್ಜ ಸೆಕೆಂಡಿಗೆ ಸುಮಾರು 208 ಕಂಪನ, ತಾರ ಷಡ್ಜ ಅದರ ಎರಡರಷ್ಟು, ಅಂದರೆ 415ರ ಹತ್ತಿರ. ತಾರಸ್ಥಾಯಿಯ ಪಂಚಮಕ್ಕೆ ಏರಿದರೂ 620ರ ಸುತ್ತ. ಒಂದು ಮನೆ ಶ್ರುತಿಯಲ್ಲಿ ಹಾಡುವ ವಿದ್ವಾಂಸರ ಮಧ್ಯ ಷಡ್ಜ 130ರ ಆಸುಪಾಸು. ಅಂದರೆ ನಮ್ಮ ಹಾಡುಗಾರಿಕೆಯ ಸ್ವರಗಳ ಮೂಲ ಕಂಪನಗಳು ಹೆಚ್ಚುಕಡಿಮೆ ಆಮೆಯ ಕಂಡಿಯೊಳಗೇ ಬೀಳುತ್ತವೆ! ಹೊಸ ನಂಬಿಕೆಯವರು ಇಲ್ಲಿ ಚಪ್ಪಾಳೆ ತಟ್ಟಬಹುದು. ಆದರೆ ಸಂಗೀತವನ್ನು ಸಂಗೀತ ಮಾಡುವುದು ಮೂಲ ಕಂಪನ ಒಂದೇ ಅಲ್ಲ. ಪಿಟೀಲಿನ ಸ ಬೇರೆ, ಕೊಳಲಿನ ಸ ಬೇರೆ ಎಂದು ನಮಗೆ ಗೊತ್ತಾಗುವುದು ಆ ಮೂಲದ ಮೇಲೆ ಪದರಪದರವಾಗಿ ಕೂರುವ ಉಪಸ್ವರಗಳಿಂದ. ಅವು ಸಾವಿರ ದಾಟಿ ಎಷ್ಟೋ ಮೇಲಕ್ಕೆ ಹೋಗುತ್ತವೆ. ಸಾಹಿತ್ಯದ ಸ, ಶ, ಚಗಳ ಸೀಟಿಯಂಥ ದನಿ ಇನ್ನೂ ಎತ್ತರದ್ದು. ತಾಳ, ಗೆಜ್ಜೆ, ತಂಬೂರಿಯ ಝೇಂಕಾರದ ಮಿಂಚು ಯಾವುದೂ ಆಮೆಯ ಪಾಲಿಗೆ ಇಲ್ಲ. ಗೋಡೆಯಾಚೆಯ ಮನೆಯಲ್ಲಿ ಯಾರೋ ರೇಡಿಯೊ ಹಾಕಿದ್ದಾರೆ, ಏನೋ ಗುಂಯ್‌ಗುಡುತ್ತಿದೆ, ಪದ ಮಾತ್ರ ಗೊತ್ತಾಗುತ್ತಿಲ್ಲ. ಆಮೆಗೆ ಸಿಗುವ ಕೀರ್ತನೆ ಹೆಚ್ಚೆಂದರೆ ಅಷ್ಟು. ಒಳಗಿವಿಯಲ್ಲಿ ಸ್ವರಗಳನ್ನು ಬಿಡಿಸುವ ಪಟ್ಟಿಯ ಉದ್ದ ಮನುಷ್ಯನಲ್ಲಿ ಸುಮಾರು 35 ಮಿಲಿಮೀಟರ್, ಆಮೆಯಲ್ಲಿ ಒಂದು ಮಿಲಿಮೀಟರಿನ ಆಸುಪಾಸು. ಅಷ್ಟು ಗಿಡ್ಡ ವೀಣೆಯಲ್ಲಿ ಗಮಕದ ಸೂಕ್ಷ್ಮವನ್ನು ನಿರೀಕ್ಷಿಸುವುದು ಅನ್ಯಾಯ.

ಇನ್ನೊಂದು ಅಡ್ಡಿ ನೀರಿನದು. ಡೆನ್ಮಾರ್ಕಿನ ಯಾಕೋಬ್ ಕ್ರಿಸ್ಟೆನ್ಸನ್-ಡಾಲ್ಸ್‌ಗಾರ್ಡ್ ಮತ್ತು ಸಂಗಡಿಗರು ಇದೇ ರೆಡ್ ಇಯರ್ ಆಮೆಯ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಬಹಳ ಉಪಯುಕ್ತ. ಕಿವಿಯ ಗಾಳಿಗೂಡಿನ ಗಾತ್ರ ಸುಮಾರು ಅರ್ಧ ಮಿಲಿಲೀಟರ್. ನೀರೊಳಗೆ ಅದು ಗುಳ್ಳೆಯ ಹಾಗೆ ಕಂಪಿಸಿ, 500ರಿಂದ 600 ಕಂಪನಗಳ ಬಳಿ ಕಿವಿಯ ಬಿಲ್ಲೆಯನ್ನು ಸುತ್ತಲಿನ ನೀರಿಗಿಂತ ನೂರು ಪಟ್ಟು ಹೆಚ್ಚು ಅಲುಗಿಸುತ್ತದೆ. ಗಾಳಿಯಲ್ಲಿ ಅದೇ ಕಿವಿ 300ರಿಂದ 500ರ ನಡುವೆ ಚುರುಕು, ಆದರೆ ಸಂವೇದನೆ ನೀರಿನಲ್ಲಿರುವುದಕ್ಕಿಂತ 20ರಿಂದ 30 ಡೆಸಿಬಲ್ ಕಡಿಮೆ. ಒಟ್ಟಿನಲ್ಲಿ ಅದು ನೀರಿಗೆಂದೇ ಮಾಡಿದ ಕಿವಿ. ನಾವೋ, ತೊಟ್ಟಿಯ ಹೊರಗೆ ಮೊಬೈಲ್ ಇಟ್ಟು ಹಾಡು ಹಾಕುತ್ತೇವೆ. ಗಾಳಿಯಿಂದ ನೀರಿಗೆ ಬೀಳುವ ಸದ್ದಿನ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರ ಒಳಗೆ ಇಳಿಯುತ್ತದೆ, ಉಳಿದದ್ದು ಮೇಲ್ಮೈಯಿಂದಲೇ ವಾಪಸ್. ಸಾಲದ್ದಕ್ಕೆ ಮೊಬೈಲಿನ ಪುಟ್ಟ ಸ್ಪೀಕರ್ ಬಲವಾಗಿ ನುಡಿಯುವುದು ಎತ್ತರದ ಸ್ವರಗಳನ್ನು. ಕೆಲವು ನೂರರ ಕೆಳಗಿನ ಮಂದ್ರದಲ್ಲಿ ಅದಕ್ಕೆ ದನಿಯೇ ಇಲ್ಲ. ಮೊಬೈಲಿನ ದನಿ ಎಲ್ಲಿ ಶುರುವಾಗುತ್ತದೋ ಆಮೆಯ ಕಿವಿ ಅಲ್ಲಿಗೆ ಮುಗಿಯುತ್ತಾ ಬಂದಿರುತ್ತದೆ.

ಆದರೂ ಕತ್ತು ಚಾಚುತ್ತದಲ್ಲ, ಕೈ ಆಡಿಸುತ್ತದಲ್ಲ? ಕೈಯ ವಿಷಯ ಸುಲಭ. ಗಂಡು ಸ್ಲೈಡರ್ ಹೆಣ್ಣಿನ ಮುಖದೆದುರು ಮುಂಗಾಲಿನ ಉದ್ದ ಉಗುರುಗಳನ್ನು ಪಟಪಟ ಅದುರಿಸುವುದು ಅದರ ಪ್ರಣಯದ ರೀತಿ. ಇನ್ನೂ ಪ್ರಾಯಕ್ಕೆ ಬಾರದ ಮರಿಗಳೂ ಹಾಗೆ ಮಾಡುತ್ತವೆ. ಹಿನ್ನೆಲೆಯಲ್ಲಿ ಹಾಡಿದ್ದರೆ ಅದು ನೃತ್ಯ, ಇಲ್ಲದಿದ್ದರೆ ಬರೀ ಕೈ. ಗಂಟಲು ಮೇಲೆ ಕೆಳಗೆ ಆಡುವುದು ತಾಳ ಹಾಕುವುದಲ್ಲ, ಮೂಸುವುದು: ಮೂಗಿನೊಳಗೆ ವಾಸನೆ ಎಳೆದುಕೊಳ್ಳಲು ಆಮೆ ಗಂಟಲನ್ನು ತಿದಿಯಂತೆ ಬಳಸುತ್ತದೆ. ಇನ್ನು ಸದ್ದಿಗೆ ತಲೆ ಒಳಗೆಳೆದುಕೊಳ್ಳುವುದಿದೆ. ಇದು ನಿಜವಾದ ಪ್ರತಿಕ್ರಿಯೆ, ಆದರೆ ಬಹಳ ಸಲ ಅದು ಕಿವಿಗಿಂತ ಮೈಗೆ ಸಂಬಂಧಪಟ್ಟದ್ದು. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟ ತಮಟೆಯನ್ನೇ ನೆನೆಯಿರಿ. ಅದರ ಪೆಟ್ಟು ಹತ್ತಿರ ನಿಂತವರ ಎದೆಗೂ ತಟ್ಟುತ್ತದೆ. ನೆಲಕ್ಕೆ ಹೊಟ್ಟೆ ಹಚ್ಚಿ ನಡೆಯುವ ಪ್ರಾಣಿಗೆ ಆ ಅದುರು ಚಿಪ್ಪಿನಿಂದ, ಕಾಲಿನಿಂದ ಹತ್ತುತ್ತದೆ. ಗೌರಿಬಿದನೂರಿನಲ್ಲೇ ಭಾಭಾ ಅಣು ಸಂಶೋಧನಾ ಕೇಂದ್ರ 1965ರಲ್ಲಿ ಸ್ಥಾಪಿಸಿದ ಭೂಕಂಪನ ಮಾಪಕಗಳ ಸಾಲಿದೆ. ದೂರದೇಶದ ನೆಲದಡಿಯ ಅಣುಸ್ಫೋಟವನ್ನೂ ಅದು ನೆಲದ ನಡುಕದಿಂದಲೇ ಅರಿಯುತ್ತದೆ. ಆಮೆಯ ಎಚ್ಚರದ ಒಂದು ಪಾಲು ಆ ಜಾತಿಯದು.

ಇಲ್ಲಿ ಎದುರಾಗುವ ಬಲವಾದ ಆಕ್ಷೇಪ ಹೀಗಿದೆ: ದಿನವೂ ಸಂಜೆ ಭಜನೆಯದ್ದೋ ಸಿನಿಮಾದ್ದೋ ಅದೇ ಹಾಡು ಹಾಕಿದರೆ ಆಮೆ ಈಜಿ ಮುಂದೆ ಬರುತ್ತದೆ, ಬೇರೆ ಹೊತ್ತಿನಲ್ಲಿ ಬರುವುದಿಲ್ಲ, ಇದಕ್ಕೇನು ಹೇಳುತ್ತೀರಿ? ಈ ಮಾತನ್ನು ತಳ್ಳಿಹಾಕಬೇಕಿಲ್ಲ, ನಂಬಬಹುದು. ಆದರೆ ಆ ಹೊತ್ತಿಗೆ ಹಾಡಿನ ಜೊತೆ ಇನ್ನೂ ಮೂರು ಸಂಗತಿಗಳು ನಡೆದಿರುತ್ತವೆ: ಮನುಷ್ಯನೊಬ್ಬ ತೊಟ್ಟಿಯ ಹತ್ತಿರ ಬಂದಿರುತ್ತಾನೆ, ದೀಪ ಹತ್ತಿರುತ್ತದೆ, ಮತ್ತು ಸಾಮಾನ್ಯವಾಗಿ ತಿನ್ನಲು ಏನೋ ಬೀಳುತ್ತದೆ. ಆಮೆಯ ಕಣ್ಣು ಚುರುಕು, ಬಣ್ಣವನ್ನೂ ಗುರುತಿಸುತ್ತದೆ. ಹಾಗಾಗಿ ಒಂದೊಂದನ್ನೇ ಬಿಡಿಸಿ ನೋಡಬೇಕು. ಒಂದು ವಾರ ಹಾಡು ಹಾಕಿ, ಆ ಹೊತ್ತಿಗೆ ತಿಂಡಿ ಹಾಕಬೇಡಿ. ಇನ್ನೊಂದು ವಾರ ಸದ್ದಿಲ್ಲದೆ ಹತ್ತಿರ ಹೋಗಿ. ಸ್ಪೀಕರನ್ನು ಆಮೆಗೆ ಕಾಣದ ಕಡೆ, ತೊಟ್ಟಿಯ ಮೇಜಿಗೆ ತಾಗದಂತೆ ಇಟ್ಟು, ಕೋಣೆಯಲ್ಲಿ ಯಾರೂ ಇಲ್ಲದಾಗ ನುಡಿಸಿ, ಕ್ಯಾಮೆರಾದಲ್ಲಿ ಮಾತ್ರ ನೋಡಿ. ಇಷ್ಟಾದ ಮೇಲೂ ಅದು ಬಂದರೆ, ಹಾಡು ಎಂದರೆ ಊಟ ಎಂದು ಕಲಿತಿದೆ ಎಂದರ್ಥ. ಇದು ಸಣ್ಣ ವಿಷಯವಲ್ಲ. 1966ರಲ್ಲಿ ಪ್ಯಾಟರ್ಸನ್ ಎಂಬ ಸಂಶೋಧಕ ಆಮೆಯ ಶ್ರವಣವನ್ನು ಅಳೆದದ್ದು ಬಹುಮಟ್ಟಿಗೆ ಇದೇ ಉಪಾಯದಿಂದ: ಸ್ವರ ಕೇಳಿದೊಡನೆ ತಲೆ ಒಳಗೆಳೆದುಕೊಳ್ಳಲು ಅವಕ್ಕೆ ಕಲಿಸಿ, ಎಷ್ಟು ಮೆಲ್ಲಗಿನ, ಎಷ್ಟು ಎತ್ತರದ ಸ್ವರದವರೆಗೆ ಹಾಗೆ ಮಾಡುತ್ತವೆ ಎಂದು ನೋಡಿದರು. ಮನೆಯ ಆಮೆ ಹಾಡಿಗೆ ಓಡಿಬಂದರೆ ಅದು ಕಿವುಡಲ್ಲ ಎಂಬುದು ಸಾಬೀತಾಗುತ್ತದೆ. ರಸಿಕ ಎಂಬುದು ಆಗುವುದಿಲ್ಲ. ಶಾಲೆಯ ಊಟದ ಗಂಟೆಗೆ ಓಡುವ ಹುಡುಗರನ್ನು ಯಾರೂ ಘಂಟಾನಾದದ ಉಪಾಸಕರು ಎನ್ನುವುದಿಲ್ಲ. ಕುಣಿತ ಎನ್ನಲಿಕ್ಕೂ ಅಳತೆಗೋಲಿದೆ. ಸ್ನೋಬಾಲ್ ಎಂಬ ಕಾಕಟೂ ಹಕ್ಕಿ ಹಾಡಿಗೆ ತಲೆ ಆಡಿಸುತ್ತಿದ್ದಾಗ, ಅನಿರುದ್ಧ್ ಪಟೇಲ್ ಮತ್ತು ಸಂಗಡಿಗರು ಅದೇ ಹಾಡಿನ ನಡೆಯನ್ನು ಬೇಕೆಂದೇ ನಿಧಾನ, ವೇಗ ಮಾಡಿ ನುಡಿಸಿದರು. ಹಕ್ಕಿಯೂ ನಡೆ ಬದಲಿಸಿತು, ಆಗ ಮಾತ್ರ 2009ರಲ್ಲಿ ಅದನ್ನು ಲಯವೆಂದು ಒಪ್ಪಿದರು. ಆಮೆಯ ವಿಡಿಯೊ ಹಾಕುವವರು ಹಾಡಿನ ವೇಗ ಒಮ್ಮೆ ಬದಲಿಸಿ ನೋಡಲಿ.

ಎರಡನೆಯ ಆಕ್ಷೇಪ ಇನ್ನೂ ಜಾಣತನದ್ದು. ಆಮೆಗಳು ತಾವೇ ದನಿ ಮಾಡುತ್ತವೆಯಂತೆ, ಮತ್ತೆ ಅವಕ್ಕೆ ಸದ್ದಿನ ಸೊಗಸು ತಿಳಿಯದೇ? ದನಿ ಮಾಡುವುದು ನಿಜ. ಆಸ್ಟ್ರೇಲಿಯದ ಉದ್ದ ಕತ್ತಿನ ಆಮೆ ನೀರೊಳಗೆ ಹಲವು ಬಗೆಯ ದನಿ ಹೊರಡಿಸುವುದು 2009ರಲ್ಲಿ ವರದಿಯಾಯಿತು. ಅಮೆಜಾನಿನ ದೊಡ್ಡ ನದಿಯಾಮೆಯ ತಾಯಂದಿರೂ ಮರಿಗಳೂ ದನಿಯಿಂದ ಒಂದುಗೂಡುತ್ತವೆ ಎಂದು ಕಮಿಲಾ ಫೆರಾರಾ ತಂಡ 2013ರಲ್ಲಿ ತೋರಿಸಿತು. 2022ರಲ್ಲಿ ಗಾಬ್ರಿಯೆಲ್ ಯೋರ್ಗೆವಿಚ್-ಕೋಹೆನ್ ಮತ್ತಿತರರು 50 ಜಾತಿಯ ಆಮೆಗಳ ದನಿ ಮುದ್ರಿಸಿ, ಮೂಕ ಎಂದುಕೊಂಡಿದ್ದವೂ ದನಿ ಮಾಡುತ್ತವೆ ಎಂದರು. ಮೂಕ ಪ್ರಾಣಿಗೆ ಕಿವಿಯೇಕೆ ಎಂಬ, ಹಳೆಯ ನಂಬಿಕೆಯ ಕೊನೆಯ ಆಸರೆಯೂ ಅಲ್ಲಿಗೆ ಕಳಚಿತು. ಆದರೆ ಆ ದನಿಗಳು ಕ್ಷೀಣ, ಮೊಟಕು, ಆಮೆ ಆಮೆಗೆ ಹೇಳುವಂಥವು. ಅದರಿಂದ ಹೊರಡುವ ತೀರ್ಮಾನವೂ ಉಲ್ಟಾ: ಮೆಲ್ಲಗಿನ ತನ್ನವರ ದನಿಗೆ ಹದಗೊಂಡ ಕಿವಿಯ ಮುಂದೆ ದಿನವಿಡೀ ನಮ್ಮ ಸದ್ದು ಸುರಿದರೆ ಅದು ಉಪಕಾರವಾಗಲಾರದು. ಜೋರು ಸದ್ದಿಗೆ ಸಿಕ್ಕ ರೆಡ್ ಇಯರ್ ಆಮೆಗಳ ನೀರೊಳಗಿನ ಶ್ರವಣ ತಾತ್ಕಾಲಿಕವಾಗಿ ಕುಂದುತ್ತದೆ ಎಂದು ಅಮೆರಿಕದ ವುಡ್ಸ್ ಹೋಲ್‌ನ ಸಂಶೋಧಕರು 2023ರಲ್ಲಿ ಪ್ರಕಟಿಸಿದ್ದಾರೆ.

ಈ ಮಾತೆಲ್ಲ ಸಾಕಲು ಅಡ್ಡಿಯಿಲ್ಲದ ಆಮೆಗಳಿಗೆ ಮಾತ್ರ. ಆಂಧ್ರದ ಗಡಿಯುದ್ದಕ್ಕೂ ಚಾಚಿದ ಒಣ ಕುರುಚಲು ಸೀಮೆಯ ನಕ್ಷತ್ರ ಆಮೆಯಾಗಲಿ, ನಮ್ಮ ಕೆರೆಗಳ ಮೆದು ಚಿಪ್ಪಿನ ಆಮೆಯಾಗಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಮನೆಯಲ್ಲಿಟ್ಟರೆ ಮೂರರಿಂದ ಏಳು ವರ್ಷ ಸೆರೆ. ಅವಕ್ಕೆ ಯಾವ ರಾಗ ಹಿಡಿಸುತ್ತದೆ ಎಂಬ ಪ್ರಶ್ನೆಯೇ ಹುಟ್ಟದು. ಸ್ಲೈಡರನ್ನು ಸಾಕಿ ಬೇಸರವಾಯಿತೆಂದು ಕಂದವಾರ ಕೆರೆಗೋ ಊರ ಕುಂಟೆಗೋ ಬಿಡುವುದೂ ಅಷ್ಟೇ ತಪ್ಪು; ಹೊರಗಿನಿಂದ ಬಂದ ಈ ಜಾತಿ ಸ್ಥಳೀಯ ಆಮೆಗಳ ಬಿಸಿಲು ಕಾಯುವ ಜಾಗವನ್ನೂ ಆಹಾರವನ್ನೂ ಕಿತ್ತುಕೊಳ್ಳುತ್ತದೆ.

ಮನೆಯ ಆಮೆಯ ಕಿವಿಯನ್ನು ಗಂಭೀರವಾಗಿ ತೆಗೆದುಕೊಂಡವರು ಹಾಡಿನ ಪಟ್ಟಿ ಮಾಡುವ ಮೊದಲು ತೊಟ್ಟಿಯ ಪಂಪನ್ನು ಮುಟ್ಟಿ ನೋಡಬೇಕು. ನಮ್ಮ ಕರೆಂಟು ಸೆಕೆಂಡಿಗೆ 50 ಬಾರಿ ತಿರುಗುವಂಥದ್ದು. ಅದರಿಂದ ನಡೆಯುವ ಪಂಪು 50ರಲ್ಲಿ, 100ರಲ್ಲಿ, ಅದರ ಗುಣಕಗಳಲ್ಲಿ ಗುಂಯ್‌ಗುಡುತ್ತದೆ. ಆ ಗುಂಯ್ ಹೊರಗಿನ ಹಾಡಿನಂತೆ ನೀರಿನ ಮೇಲ್ಮೈಗೆ ಬಡಿದು ವಾಪಸಾಗುವುದಿಲ್ಲ, ನೀರೊಳಗೇ ಹುಟ್ಟುತ್ತದೆ, ಆಮೆಯ ಕಂಡಿಗೆ ನೇರ ನುಗ್ಗುತ್ತದೆ, ಹಗಲು ರಾತ್ರಿ ನಿಲ್ಲುವುದಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮೋಟಾರುಗಳ ಗೋಡೆಗೆ ಒರಗಿದಂತೆ ತೊಟ್ಟಿ ಇಟ್ಟರೆ ಅದರ ಅದುರೂ ಜೊತೆಗೂಡುತ್ತದೆ. ತೊಟ್ಟಿಯ ಅಡಿಗೆ ದಪ್ಪ ಥರ್ಮೋಕೋಲ್ ಹಲಗೆ, ಪಂಪಿನ ಕಾಲಿಗೆ ರಬ್ಬರ್ ತುಂಡು, ಮೋಟಾರಿಲ್ಲದ ಗೋಡೆಯ ಕಡೆಗೆ ಜಾಗ: ಸ್ವಲ್ಪವೇ ಖರ್ಚಿನ ಕೆಲಸ, ಒಂದು ಭಾನುವಾರ ಸಾಕು.