ಹಳೆಯ ಬಾರುಕೋಲಿನ ಆರೈಕೆ

ಕಳೆದ ಸಂಕ್ರಾಂತಿಯಂದು ನುಗ್ಗೇಹಳ್ಳಿಯ ನಮ್ಮ ಬಂಧುಗಳ ಮನೆಯಲ್ಲಿ ಅಟ್ಟದಿಂದ ಒಂದು ಬಾರುಕೋಲನ್ನು ಕೆಳಗಿಳಿಸಿದರು. ಆ ಮನೆಯಲ್ಲಿ ಈಗ ಎತ್ತುಗಳಿಲ್ಲ. ಗಾಡಿಯ ಚಕ್ರಗಳೆರಡೂ ತೆಂಗಿನ ತೋಟದ ಬೇಲಿಗೆ ಒರಗಿವೆ. ಉಳುಮೆಗೆ ಬಾಡಿಗೆಯ ಟ್ರ್ಯಾಕ್ಟರು ಬರುತ್ತದೆ. ಆದರೂ ನೆರೆಮನೆಯವರ ಹಳ್ಳಿಕಾರ್ ಜೋಡಿಯು ಸಂಜೆ ಕಿಚ್ಚು ಹಾಯುವಾಗ ತಂದೆಯ ಕಾಲದ ಬಾರುಕೋಲನ್ನು ಹಿಡಿದು ಪಕ್ಕದಲ್ಲಿ ನಿಲ್ಲಬೇಕೆಂಬುದು ಮನೆಯ ಹಿರಿಯರ ಆಸೆ. ಹಿಡಿದರು, ಅಂಗಳದಲ್ಲಿ ಒಮ್ಮೆ ಬೀಸಿಯೂ ನೋಡಿದರು. ಚಟೀರೆಂಬ ಸದ್ದು ಬರಲಿಲ್ಲ. ಎರಡು ಗೇಣಿನಷ್ಟು ಬಾರು ತುಂಡಾಗಿ ರಂಗೋಲಿಯ ಮೇಲೆ ಬಿತ್ತು. ಮಕ್ಕಳು ನಕ್ಕವು. ಹಿರಿಯರು ತುಂಡನ್ನು ಎತ್ತಿಕೊಂಡು, ಮಾತನಾಡದೆ ಒಳಗೆ ಹೋದರು.

ಇಂಥ ಬಾರುಕೋಲುಗಳು ನಮ್ಮ ವಾಚಕರಲ್ಲಿ ಅನೇಕರ ಅಟ್ಟಗಳ ಮೇಲೆ ಇದ್ದೇ ಇರಬೇಕು. ಅವುಗಳ ಆರೈಕೆಯ ವಿಷಯದಲ್ಲಿ ನಾವು ಸ್ವಲ್ಪ ಓದಿ, ಹೆಚ್ಚಾಗಿ ಕೆಡಿಸಿ ಕಲಿತುದನ್ನು ಇಲ್ಲಿ ಬರೆಯುತ್ತೇವೆ.

ನುಗ್ಗೇಹಳ್ಳಿಯೆಂದೊಡನೆ ೧೨೪೬ರಲ್ಲಿ ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವು ನೆನಪಿಗೆ ಬರುವುದು ಸಹಜವಾಗಿದೆ. ಅದರ ಗೋಡೆಯ ಬುಡದಲ್ಲಿ, ಆನೆಗಳ ಪಟ್ಟಿಕೆಯ ಮೇಲೆ, ಕುದುರೆ ಸವಾರರ ಸಾಲು ಇಂದಿಗೂ ಓಡುತ್ತಲೇ ಇದೆ. ಆದರೆ ಅಂದಿನ ಸವಾರರು ನಿಜವಾಗಿ ಹಿಡಿದಿದ್ದ ಲಗಾಮಿನಲ್ಲಿ ಒಂದು ಗೇಣಾದರೂ ಉಳಿದಿರುವುದನ್ನು ನಾವು ಕಾಣೆವು. ಬಳಪದ ಕಲ್ಲಿಗೆ ಇರುವ ಆಯುಸ್ಸು ತೊಗಲಿಗೆ ಇಲ್ಲ. ಅದನ್ನು ನೂರು ವರ್ಷ ಉಳಿಸುವುದೇ ದೊಡ್ಡ ಮಾತು.

ಬಾರುಕೋಲೆಂದರೆ ಬಿದಿರಿನ ಅಥವಾ ಬೆತ್ತದ ಹಿಡಿಗೆ ಕಟ್ಟಿದ ತೊಗಲಿನ ಬಾರು. ನಮ್ಮ ಸೀಮೆಯಲ್ಲಿ ಹಿಂದೆ ತೊಗಲನ್ನು ಹದ ಮಾಡುತ್ತಿದ್ದುದು ಬಹುಮಟ್ಟಿಗೆ ತಂಗಡಿ ಗಿಡದ ತೊಗಟೆಯಿಂದ. ಈ ತೊಗಟೆಯ ಒಗರು ತೊಗಲನ್ನು ಕೊಳೆಯದಂತೆ ಕಾಪಾಡಿ, ಮೃದುವಾಗಿಯೂ ಇರಿಸುತ್ತದೆ; ಬೆಳಕಿಗೆ ಬಿದ್ದ ತೊಗಲು ಕ್ರಮೇಣ ಕೆಂಪೇರುತ್ತದೆ. ಒಳ್ಳೆಯ ಕಸುಬುದಾರನು ಬಾರಿಗೆ ಬೆನ್ನಿನ ಕಡೆಯ ತೊಗಲನ್ನೇ ಆರಿಸುತ್ತಿದ್ದನು. ಹೊಟ್ಟೆಯ ಕಡೆಯದು ಸಡಿಲು, ಎಳೆದಂತೆಲ್ಲ ಹಿಗ್ಗುತ್ತದೆ. ಅಂಗೈಯಗಲದ ತುಂಡನ್ನು ಹೊರಗಿನಿಂದ ಒಳಕ್ಕೆ ಸುರುಳಿಯಾಗಿ ಕೊಯ್ದು, ಒಂದೂ ಗಂಟಿಲ್ಲದ ಮಾರುದ್ದದ ಎಳೆಯನ್ನು ತೆಗೆಯುವ ಕೈಚಳಕವು ನೋಡಿದವರಿಗೇ ಗೊತ್ತು. ಈ ಮನೆಯವರಿಗೆ ತಮ್ಮ ಹಳೆಯ ಎತ್ತುಗಳ ಹೆಸರುಗಳೆಲ್ಲ ನೆನಪಿವೆ; ಬಾರು ಹೆಣೆದವನ ಹೆಸರು ಮಾತ್ರ ಯಾರಿಗೂ ತಿಳಿಯದು. ಸುಗ್ಗಿಯಲ್ಲಿ ಕಣದ ಹೊರಗೆ ನಿಂತು ಆಯದ ರಾಗಿಯನ್ನು ಪಡೆದು ಹೋಗುತ್ತಿದ್ದನೆಂದು ಹಿರಿಯರು ಹೇಳಿದರು. ಒಳಗೆ ಕರೆಯುತ್ತಿರಲಿಲ್ಲವೇ ಎಂದು ಕೇಳಿದೆವು. ಇಲ್ಲವೆಂದು ತಲೆಯಾಡಿಸಿದರು.

ಇನ್ನು ನಮ್ಮ ತಪ್ಪಿನ ಕಥೆ. ಒಣಗಿದ ತೊಗಲನ್ನು ಕಂಡ ಗೃಹಸ್ಥನ ಕೈ ಮೊದಲು ಹೋಗುವುದು ಎಣ್ಣೆಯ ಗಿಂಡಿಗೆ. ನಾವೂ ಹಿಂದೊಮ್ಮೆ ನಮ್ಮ ಮನೆಯ ಚಾಟಿಯೊಂದನ್ನು ಹರಳೆಣ್ಣೆಯಲ್ಲಿ ರಾತ್ರಿಯಿಡೀ ನೆನೆಹಾಕಿದೆವು. ಬೆಳಗ್ಗೆ ಅದು ಬೆಂದ ಶಾವಿಗೆಯಂತೆ ಜೋತುಬಿದ್ದಿತ್ತು. ಹೆಣಿಗೆ ಸಡಿಲವಾಯಿತು, ಮುಟ್ಟಿದವರ ಕೈಗೆಲ್ಲ ಅಂಟು, ಮಳೆಗಾಲ ಬಂದಾಗ ಧೂಳು ಕೂತ ಕಡೆಯೆಲ್ಲ ಬೂಷ್ಟು ಹಿಡಿಯಿತು. ಹೊರಗೆ ತೆಗೆಯಲಾಗದ ಎಣ್ಣೆಯನ್ನು ಒಳಗೆ ಸೇರಿಸುವ ಮುನ್ನ ಒಂದು ದಿನ ಯೋಚಿಸಬೇಕಾಗಿತ್ತು.

ಆದುದರಿಂದ ಮೊದಲು ರೋಗ ಯಾವುದೆಂದು ನೋಡತಕ್ಕದ್ದು. ಒಂದು ಬಿಳಿಯ ಅರಿವೆಯಿಂದ ಬಾರನ್ನು ಮೆಲ್ಲನೆ ಒರಸಿರಿ. ಅರಿವೆಗೆ ಕಂದು ಕೊಳೆ ಹತ್ತಿದರೆ ಚಿಂತೆಯಿಲ್ಲ. ಇಟ್ಟಿಗೆಯ ಬಣ್ಣದ ನಯವಾದ ಪುಡಿ ಉದುರಿದರೆ ಮಾತ್ರ ಅದು ಬೇರೆ ವಿಷಯ. ಗಾಳಿಯಲ್ಲಿರುವ ಗಂಧಕದ ಆಮ್ಲಗಳು ಬಹುಕಾಲ ಹೀರಿ ತೊಗಲಿನ ನಾರೇ ಮುರಿದುಹೋಗಿರುವ ಸ್ಥಿತಿ ಅದು. ತೊಗಟೆಯಿಂದ ಹದ ಮಾಡಿದ ತೊಗಲಿಗೆ, ಅದರಲ್ಲಿಯೂ ತಂಗಡಿಯಂಥ ತೊಗಟೆಯಿಂದಾದುದಕ್ಕೆ, ಈ ವ್ಯಾಧಿ ಬೇಗ ತಗಲುತ್ತದೆ. ಪುಸ್ತಕಗಳ ತೊಗಲಿನ ರಟ್ಟುಗಳು ಹೀಗೆ ಪುಡಿಯಾಗುವುದನ್ನು ಕಂಡು ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಸಂಸ್ಥೆಯು ೧೯೦೦ರಲ್ಲಿ ಒಂದು ಸಮಿತಿಯನ್ನೇ ನೇಮಿಸಿ ವಿಚಾರಣೆ ನಡೆಸಿತ್ತು. ಕೆಟ್ಟ ನಾರನ್ನು ಮರಳಿ ಕೂಡಿಸುವ ಉಪಾಯ ಇಂದಿಗೂ ಇಲ್ಲ. ಇಂಥ ತೊಗಲಿಗೆ ಎಣ್ಣೆ ಹಚ್ಚಿದರೆ ಕಪ್ಪಾಗಿ ಇನ್ನಷ್ಟು ಗಡುಸಾಗುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಕ್ಲೂಸೆಲ್ ಜಿ ಎಂಬ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ತೆಳ್ಳಗೆ ಸವರಿ, ಪುಡಿ ಉದುರುವುದನ್ನು ತಡೆಯುತ್ತಾರೆ, ಅಷ್ಟೇ. ನುಗ್ಗೇಹಳ್ಳಿಯ ಬಾರುಕೋಲಿನ ತುದಿಯ ಅರ್ಧಕ್ಕೆ ಈ ವ್ಯಾಧಿಯೇ ತಗಲಿತ್ತು. ಅದು ದಶಕಗಳ ಕಾಲ ಒಲೆಯ ನೇರಕ್ಕೆ, ಹೊಗೆಯಲ್ಲಿ ತೂಗಾಡಿತ್ತು. ಹೊಗೆಯಿಂದ ಹುಳು ದೂರವಾಗುತ್ತದೆಂದು ಹಿರಿಯರು ಹೇಳುವುದು ಸುಳ್ಳಲ್ಲ. ಆದರೆ ಆ ಹೊಗೆಯೂ ಶಾಖವೂ ತೊಗಲಿಗೆ ಹಿತವಲ್ಲ.

ಪುಡಿ ಉದುರದ ಗಟ್ಟಿ ತೊಗಲನ್ನು ಮನೆಯಲ್ಲಿಯೇ ನೋಡಿಕೊಳ್ಳಬಹುದು. ಮೆತ್ತನೆಯ ಕುಂಚದಿಂದ ಹೆಣಿಗೆಯ ಸಂದುಗಳ ಧೂಳನ್ನು ತೆಗೆಯಿರಿ. ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮವು ಬಿರುಕುಗಳಲ್ಲಿ ಕೂತಿರುವುದುಂಟು. ನೀರು ತಾಗಿಸಿದರೆ ಕಲೆಯಾಗುವುದರಿಂದ ಅದನ್ನು ಒಣಗಿದ್ದಂತೆಯೇ ಕೊಡಹತಕ್ಕದ್ದು. (ಮುಂದೆ ಪೂಜಿಸುವಾಗ ಬಿದಿರಿನ ಹಿಡಿಗೆ ಕುಂಕುಮ ಹಚ್ಚಿದರೆ ದೇವಿಗೆ ಕೋಪ ಬಾರದೆಂದು ನಂಬಿದ್ದೇವೆ.) ಬಳಿಕ, ಹಿಂಡಿ ನೀರಿಳಿಸಿದ ಅರಿವೆಯಿಂದ ಒಮ್ಮೆ ಒರಸಿ, ನೆರಳಿನಲ್ಲಿ ಆರಲು ಬಿಡಬೇಕು. ಒದ್ದೆ ತೊಗಲನ್ನು ಬಿಸಿಲಿಗಾಗಲಿ ಒಲೆಯ ಬಳಿಗಾಗಲಿ ಒಯ್ಯಕೂಡದು, ಮುದುಡಿ ಕೊಂಬಿನಂತಾಗುತ್ತದೆ.

ಗೀರುಗಳಲ್ಲಿ ಮೇಲುಮೇಲಿನವು ಬಹಳ. ಹೆಬ್ಬೆರಳಿನಿಂದ ಬಿಸಿಯಾಗುವವರೆಗೂ ಉಜ್ಜಿದರೆ ತೊಗಲಿನಲ್ಲಿರುವ ಜಿಡ್ಡೇ ಸರಿದುಬಂದು ಎಷ್ಟೋ ಗೀರುಗಳು ಮರೆಯಾಗುತ್ತವೆ. ಸ್ವಲ್ಪ ಆಳವಾಗಿ ನಾರೆದ್ದಿದ್ದರೆ, ಒದ್ದೆ ಬೆರಳಿನಿಂದ ತೇವ ಮಾಡಿ, ಎದ್ದ ನಾರನ್ನು ಒಂದೇ ದಿಕ್ಕಿಗೆ ಮಲಗಿಸಿ, ಮರದ ಸೌಟಿನ ಬೆನ್ನಿನಿಂದ ಒತ್ತಿರಿ. ಸಿಪ್ಪೆಯಂತೆ ಎದ್ದ ಪದರವಿದ್ದರೆ ಅದರ ಕೆಳಗೆ ಗೋಧಿಯ ಗಂಜಿಯನ್ನು ಕಡ್ಡಿಯ ತುದಿಯಿಂದ ಸವರಿ, ಅರಿವೆ ಸುತ್ತಿ ರಾತ್ರಿಯೆಲ್ಲ ಬಿಡಬೇಕು. ಅಂಗಡಿಯ ಗಟ್ಟಿ ಅಂಟುಗಳು ಬೇಡ. ಅವು ಒಣಗಿ ಗಾಜಿನಂತಾಗಿ, ಬಾರು ಬಳುಕಿದಾಗ ಪಕ್ಕದ ತೊಗಲನ್ನೇ ಸೀಳುತ್ತವೆ. ಗೀರನ್ನು ಮುಚ್ಚಲು ಬೂಟಿನ ಕಪ್ಪು ಬಣ್ಣವನ್ನು ಬಳಿಯುವವರೂ ಉಂಟು, ನಮಗದು ಸೇರದು. ಎತ್ತಿನ ಕೊರಳ ಗಂಟೆಗೋ ಗಾಡಿಯ ಗೂಟಕ್ಕೋ ತಾಗಿ ಆದ ಗುರುತುಗಳು ಬಾರಿನ ಆಯುಸ್ಸಿನ ಲೆಕ್ಕ. ಅವನ್ನು ಅಳಿಸಿ ಏನು ಸಾಧಿಸಿದಂತಾಯಿತು?

ಕಬ್ಬಿಣದ ಮೊಳೆಯ ಸುತ್ತ ಕಾಣುವ ಕಪ್ಪು ಕಲೆಯನ್ನು ತೊಳೆದು ತೆಗೆಯಲು ಹೋಗಬಾರದು. ತೊಗಟೆಯ ಒಗರಿಗೆ ಕಬ್ಬಿಣ ಸೇರಿದರೆ ಮಸಿಯಾಗುತ್ತದೆ. ನಮ್ಮ ಹಿಂದಿನವರು ಅಳಲೆಕಾಯಿಗೆ ಕಬ್ಬಿಣವನ್ನು ಬೆರೆಸಿ ಬರೆಯುವ ಮಸಿಯನ್ನು ಕಾಯಿಸುತ್ತಿದ್ದುದೂ ಇದೇ ರೀತಿ. ಹಿತ್ತಾಳೆಯ ಉಂಗುರದ ಅಂಚಿನಲ್ಲಿ ಕೂತ ಹಸುರು ಮೇಣವನ್ನು ಬಿದಿರಿನ ಕಡ್ಡಿಯಿಂದ ಕೆರೆದು ತೆಗೆಯಬಹುದು.

ಈಗ ಎಣ್ಣೆಯ ಮಾತು. ಹುಚ್ಚೆಳ್ಳೆಣ್ಣೆಯೂ ಅಗಸೆಯೆಣ್ಣೆಯೂ ಗಾಳಿಗೆ ಅಂಟಾಗಿ ಬಿಗಿಯುವ ಜಾತಿಯವು, ಕೂಡದು. ತಿಪಟೂರಿನ ಕೊಬ್ಬರಿ ಹತ್ತಿರವೇ ಇರುವುದರಿಂದ ಈ ಕಡೆಯವರು ಕೊಬ್ಬರಿಯೆಣ್ಣೆಯನ್ನು ಹಚ್ಚುತ್ತಾರೆ. ಅದು ಸುಮಾರು ೨೪ ಡಿಗ್ರಿಗೆ ಹೆಪ್ಪುಗಟ್ಟುವುದರಿಂದ ಚಳಿಗಾಲದಲ್ಲಿ ತೊಗಲಿನ ಮೇಲೆ ಬಿಳಿಯ ಪುಡಿಯಂತೆ ಎದ್ದು, ನೋಡಿದವರಿಗೆ ಬೂಷ್ಟೆಂಬ ಭ್ರಾಂತಿಯನ್ನು ಹುಟ್ಟಿಸುತ್ತದೆ. ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದರೆ ಕರಗಿ ಮಾಯವಾಗುವುದು ಕೊಬ್ಬು. ಹಾಗೆಯೇ ಉಳಿಯುವುದು ಬೂಷ್ಟು. ನಾವು ಬಳಸುವುದು ಒಂದು ತೂಕ ಜೇನುಮೇಣಕ್ಕೆ ನಾಲ್ಕು ತೂಕ ಹರಳೆಣ್ಣೆ ಸೇರಿಸಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿದ ಮುಲಾಮು. ಒಂದು ಗೇಣು ಬಾರಿಗೆ ಕಡಲೆಕಾಳಿನಷ್ಟು ಸಾಕು. ಬೆರಳಿನಿಂದ ತಿಕ್ಕಿ, ಮರುದಿನ ಒಣ ಅರಿವೆಯಿಂದ ಉಳಿದುದನ್ನೆಲ್ಲ ಒರಸಿರಿ. ದುಡಿಯದ ಬಾರಿಗೆ ವರ್ಷಕ್ಕೊಮ್ಮೆ ಮಾಡಿದರೂ ಹೆಚ್ಚೇ ಸರಿ.

ಬಾರು ಕಡಿಯುವುದು ಸಾಮಾನ್ಯವಾಗಿ ಹಿಡಿಯ ಕೊರಳಿನಲ್ಲಿ, ಬಳುಕಾಟವೆಲ್ಲ ಅಲ್ಲಿಯೇ. ಆ ಗಂಟನ್ನು ಮನೆಯಲ್ಲಿ ಬಿಚ್ಚದೆ ಕಸುಬುದಾರನಿಗೆ ಒಪ್ಪಿಸಬೇಕು. ತುದಿಯ ನಾರಿನ ಕುಚ್ಚು ಸವೆಯುವುದಕ್ಕಾಗಿಯೇ ಇರತಕ್ಕದ್ದು. ಅದನ್ನು ಕತ್ತಾಳೆಯ ನಾರಿನಿಂದ ಯಾರಾದರೂ ಹೊಸೆದು ಕಟ್ಟಬಹುದು. ಸದ್ದು ಹುಟ್ಟುವುದು ಆ ಕಡೆಯಲ್ಲಿಯೇ. ಬೀಸಿದ ಬಾರಿನಲ್ಲಿ ಒಂದು ಮಡಿಕೆ ತುದಿಯ ಕಡೆಗೆ ಓಡುತ್ತ ವೇಗವನ್ನು ಪಡೆದು, ಸೆಕೆಂಡಿಗೆ ಸುಮಾರು ೩೪೦ ಮೀಟರು ಓಡುವ ಶಬ್ದವನ್ನೂ ಮೀರಿದಾಗ ಚಟೀರೆನ್ನುತ್ತದೆ. ಆ ಸದ್ದನ್ನು ಹುಟ್ಟಿಸುವುದು ಆ ಮಡಿಕೆಯೇ ಎಂದು ಗೊರಿಯಲಿ, ಮ್ಯಾಕ್‌ಮಿಲನ್ ಎಂಬ ಗಣಿತಜ್ಞರು ೨೦೦೨ರಲ್ಲಿ ತೋರಿಸಿದರು. ಅಂದಮೇಲೆ ಸದ್ದಿಗೆ ಎತ್ತಿನ ಬೆನ್ನು ಬೇಕಾಗಿಲ್ಲ. ಮೊಳೆ ಬಡಿದ ಮುಳ್ಳುಗೋಲನ್ನಂತೂ ೧೯೬೫ರ ಭಾರವಾಹಕ ಪ್ರಾಣಿಗಳ ನಿಯಮಗಳು ನಿಷೇಧಿಸಿವೆ. ತಂದೆಯವರು ಗಾಳಿಗೇ ಬೀಸುತ್ತಿದ್ದರೇ ಎಂದು ನಾವು ಹಿರಿಯರನ್ನು ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, ‘ಎಲ್ಲ ದಿನವೂ ಅಲ್ಲ’ ಎಂದರು.

ತುಂಡನ್ನು ಜೋಡಿಸಿಕೊಡಿರೆಂದು ಅವರು ಕೇಳಿದ್ದರು. ಪುಡಿಯಾಗುವ ತೊಗಲು ಹೊಲಿಗೆಯನ್ನು ಹಿಡಿಯದೆಂದು ತಿಳಿಸಬೇಕಾಯಿತು. ಕಡೆಗೆ ಚನ್ನರಾಯಪಟ್ಟಣದ ಒಬ್ಬ ಕಸುಬುದಾರರಿಂದ, ಅದೇ ಅಳತೆಗೆ, ಹೊಸ ಬಾರುಕೋಲನ್ನು ಮಾಡಿಸಿದುದಾಯಿತು. ಅವರು ಮನೆಗೇ ಬಂದು, ನಡುಮನೆಯಲ್ಲಿ ಕೂತು, ಹಳೆಯದರ ಗಂಟನ್ನು ಕನ್ನಡಕ ಹಾಕಿಕೊಂಡು ನೋಡಿ, ಈಗ ಇದನ್ನು ಹೀಗೆ ಹಾಕುವವರಿಲ್ಲವೆಂದರು. ಅದರಂತೆಯೇ ಹಾಕಲು ಎರಡು ಸಲ ಪ್ರಯತ್ನಿಸಿ ಮೂರನೆಯ ಸಲ ಹಾಕಿದರು. ಅವರ ಹೆಸರನ್ನೂ ತಾರೀಖನ್ನೂ ಒಂದು ಚೀಟಿಯಲ್ಲಿ ಬರೆದು ಹಿಡಿಗೆ ಕಟ್ಟಿದ್ದಾರೆ. ಹಳೆಯದನ್ನು ಎರಡು ತುಂಡುಗಳೊಡನೆ, ತೊಳೆದ ಹತ್ತಿಯ ಬಟ್ಟೆಯ ಮೇಲೆ, ಸುತ್ತದೆ ನೀಳವಾಗಿ ಮಲಗಿಸಿ, ಗಾಳಿಯಾಡುವ ನಡುಮನೆಯ ಗೂಡಿನಲ್ಲಿ ಇಟ್ಟಿದ್ದಾರೆ. ಪ್ಲಾಸ್ಟಿಕ್ಕಿನ ಚೀಲದಲ್ಲಿ ಕಟ್ಟಿಡಬಾರದು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಬೇಕು.